ಹಲಾಲ್ ಮುದ್ರೆ ಪೊಟ್ಟಣದ ಮೇಲೆ ಮಾತ್ರವೇ?

ಸೌದಿಯಲ್ಲಿ ನೆಲೆಸಿರುವ ನಾವು ಮಕ್ಕಳ ಮಿಠಾಯಿ ಪೊಟ್ಟಣವನ್ನೂ ತಿರುಗಿಸಿ, ಯಾವ ಜಿಲೆಟಿನ್ ಎಂದು ಓದಿದ ಬಳಿಕವೇ ಕೊಳ್ಳುತ್ತೇವೆ. ಇದು ಶ್ಲಾಘನೀಯ ಎಚ್ಚರ. ಆದರೆ ಮನೆಯ ಕೆಳಗಿನ ಬಕಾಲದ ಸಾಲದ ಪುಸ್ತಕದಲ್ಲಿ ನಮ್ಮ ಹೆಸರಿನ ಪುಟವನ್ನು ಅಷ್ಟೇ ಎಚ್ಚರದಿಂದ ಓದುತ್ತೇವೆಯೇ?

ತಿಂಗಳಿಡೀ ಹಾಲು, ಮೊಟ್ಟೆ, ಖುಬ್ಬೂಸ್‌ಗಳನ್ನು ನಂಬಿಕೆಯ ಮೇಲೆ ಕೊಡುವವನು ಆ ಪುಟ್ಟ ಅಂಗಡಿಯವನು. ಸಂಬಳ ಕೈಸೇರಿದೊಡನೆ ನಾವು ಹೈಪರ್‌ಮಾರ್ಕೆಟ್‌ನ ಆಫರ್‌ಗಳಿಂದ ಟ್ರಾಲಿ ತುಂಬಿಸಿ ನಗದು ತೆರುತ್ತೇವೆ; ಅವನಿಗೆ ಮಾತ್ರ ‘ಮುಂದಿನ ತಿಂಗಳು’ ಎನ್ನುತ್ತೇವೆ. ಕೆಲವರಂತೂ ಬಾಕಿ ಉಳಿಸಿಯೇ ಊರಿಗೆ ಮರಳುತ್ತಾರೆ. 2020ರ ಜುಲೈಯಲ್ಲಿ ಮೌಲ್ಯವರ್ಧಿತ ತೆರಿಗೆ ಶೇ. 5ರಿಂದ 15ಕ್ಕೇರಿತು, ಬದುಕು ದುಬಾರಿಯಾಯಿತು ಎಂಬುದು ನಮ್ಮ ಸಮರ್ಥನೆ. ಆ ದುಬಾರಿ ಅಂಗಡಿಯವನನ್ನು ತಟ್ಟಲಿಲ್ಲವೇ?

ನಿಜವಾಗಿಯೂ ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆಂದು ಪವಿತ್ರ ಕುರ್‌ಆನ್ (2:280) ಕಲಿಸುತ್ತದೆ. ಆದರೆ ಉಳ್ಳವನು ಸಾಲ ತೀರಿಸಲು ತಡಮಾಡುವುದನ್ನು ಪ್ರವಾದಿ(ಸ)ರು ಅನ್ಯಾಯವೆಂದು ಕರೆದಿದ್ದಾರೆ. ಟ್ರಾಲಿ ತುಂಬಿಸಬಲ್ಲ ನಾವು ಈ ಇಬ್ಬರಲ್ಲಿ ಯಾರು?

ಪದಾರ್ಥ ಹಲಾಲ್ ಆದರೆ ಸಾಲದು, ಅದರ ಬೆಲೆಯೂ ಸಂದಿರಬೇಕು. ಈ ಸಂಬಳದಂದು ಮೊದಲು ಬಕಾಲದ ಬಾಕಿ ತೀರಿಸೋಣ. ಟ್ರಾಲಿಯನ್ನು ಆಮೇಲೆ ಹಿಡಿಯೋಣ. ಅಲ್ಲಾಹನು ಅನುಗ್ರಹಿಸಲಿ.