ಕುಂಚ ಹಿಡಿದ ಕೈ, ವೀಣೆ ಮೀಟಿದ ಕೈ

ಕೆ. ವೆಂಕಟಪ್ಪನವರನ್ನು ನಾವು ಚಿತ್ರಕಾರರೆಂದೇ ನೆನೆಯುತ್ತೇವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಅವರದೇ ಹೆಸರು. ಊಟಿ, ಕೊಡೈಕೆನಾಲ್‌ಗಳ ಬೆಟ್ಟಸಾಲನ್ನು ಜಲವರ್ಣದಲ್ಲಿ ಹಿಡಿದವರು, ಮೈಸೂರು ಅರಮನೆಗೆಂದು ಗಾರೆಯಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದವರು. ಅವರು ವೀಣೆ ಶೇಷಣ್ಣನವರ ಶಿಷ್ಯರೂ ಹೌದು ಎಂಬ ಸಂಗತಿ ಮಾತ್ರ ಸಾಮಾನ್ಯವಾಗಿ ಪರಿಚಯ ಲೇಖನದ ಕೊನೆಗೆ, 'ಸಂಗೀತದಲ್ಲೂ ಆಸಕ್ತಿ ಇತ್ತು' ಎಂಬ ಧಾಟಿಯಲ್ಲಿ ಬಂದು ಹೋಗುತ್ತದೆ. ನನ್ನ ತಕರಾರು ಇರುವುದು ಆ ಸಾಲಿನ ಬಗ್ಗೆ.

ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರಲ್ಲಿ ಕಲಿತು, ನಂದಲಾಲ್ ಬೋಸರ ಓರಗೆಯವರಾಗಿ ಹೆಸರು ಮಾಡಿದ ಮೇಲೆ ಅವರು ಊರಿಗೆ ಮರಳಿದರು. ವಯಸ್ಸು ಆಗ ಮೂವತ್ತರ ಆಸುಪಾಸು. ಒಂದು ವಿದ್ಯೆ ಕೈಯಲ್ಲಿ ಪಳಗಿ ಕೀರ್ತಿ ತರುತ್ತಿರುವಾಗ ಇನ್ನೊಂದು ವಿದ್ಯೆಗೆ ಹೊಸಬನಾಗಿ ಗುರುವಿನ ಮುಂದೆ ಕೂರುವುದೆಂದರೇನು? ಬಿಡುವಿನ ಹವ್ಯಾಸಕ್ಕೆ ಯಾರೂ ಅಷ್ಟು ತೆರುವುದಿಲ್ಲ. 'ಮ್ಯಾಡ್ ಆಫ್ಟರ್ ವೀಣಾ' ಎಂದು ಅವರೇ ಒಂದು ಚಿತ್ರಕ್ಕೆ ಹೆಸರಿಟ್ಟಿದ್ದಾರೆ. ಹುಚ್ಚು ಎಂದವರು ಅವರೇ. ಅದನ್ನು ಆಸಕ್ತಿಯ ಮಟ್ಟಕ್ಕೆ ಇಳಿಸಿದವರು ನಾವು.

ಇಂಥವರ ಬಗ್ಗೆ ಬರೆಯುವಾಗ 'ಬಣ್ಣಗಳು ಹಾಡುತ್ತವೆ' ಎಂದುಬಿಡುವುದು ಸುಲಭ. ವೆಂಕಟಪ್ಪನವರ ಊಟಿಯಲ್ಲಿ ನನಗೆ ಯಾವ ರಾಗವೂ ಕೇಳಿಸುವುದಿಲ್ಲ. ಕಾಣುವುದು ಬೆಳಕು, ದೂರ, ಮತ್ತು ಅವಸರವೇ ಇಲ್ಲದ ಕಣ್ಣು. ನಮ್ಮ ರಾಗಮಾಲಾ ಚಿತ್ರಗಳೂ ರಾಗವನ್ನು ಕೇಳಿ ಬರೆದವೆನ್ನುವುದಕ್ಕಿಂತ ಧ್ಯಾನಶ್ಲೋಕಗಳನ್ನು ಅನುಸರಿಸಿ ಬರೆದವು. ಸಂಗೀತದ ಕಟ್ಟಡವನ್ನೇ ಚಿತ್ರಕ್ಕೆ ತರಲು ಹಟ ಹಿಡಿದವನೆಂದರೆ ಲಿಥುವೇನಿಯಾದ ಸಂಗೀತ ಸಂಯೋಜಕ ಚ್ಯುರ್ಲ್ಯೋನಿಸ್. 'ಕಡಲಿನ ಸೊನಾಟಾ' ಎಂದು 1908ರಲ್ಲಿ ಮೂರು ಚಿತ್ರ ಬರೆದು ಅವಕ್ಕೆ ಸೊನಾಟಾದ ಭಾಗಗಳಂತೆಯೇ ಅಲೆಗ್ರೊ, ಅಂದಾಂತೆ, ಫಿನಾಲೆ ಎಂದು ಹೆಸರಿಟ್ಟ. 35ಕ್ಕೇ ತೀರಿಕೊಂಡ. ಅವನದು ಅಪರೂಪದ ದಾರಿ. ಅದನ್ನೇ ಎಲ್ಲರಿಗೂ ಅಳತೆಗೋಲು ಮಾಡಬಾರದು.

ನನ್ನನ್ನು ಹೆಚ್ಚು ಕಾಡುವವರು ಮದರಾಸಿನ ಎಸ್. ರಾಜಂ (1919–2010). ವೀಣೆಯ ಎಸ್. ಬಾಲಚಂದರ್ ಅವರ ಅಣ್ಣ, ಆಕಾಶವಾಣಿಯ ಕಲಾವಿದ, 1934ರ 'ಸೀತಾ ಕಲ್ಯಾಣಂ' ಸಿನಿಮಾದ ರಾಮ (ಹದಿಹರೆಯದ ರಾಮ!). ಕಲಾಶಾಲೆಯಲ್ಲಿ ಕ್ರಮವಾಗಿ ಕಲಿತರೂ ಅಜಂತಾದ ರೇಖೆಗೆ ಮನಸೋತವರು. ತ್ಯಾಗರಾಜ, ದೀಕ್ಷಿತ, ಶ್ಯಾಮಾಶಾಸ್ತ್ರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಮುಖಗಳಲ್ಲಿ ಅವರ ಕುಂಚದ ಪಾಲು ದೊಡ್ಡದು. ಕಛೇರಿಯ ವೇದಿಕೆಯಲ್ಲಿ ಆ ಪಟಗಳಿಗೆ ಹಾರ ಹಾಕಿದ ಎಷ್ಟೋ ಮಂದಿಗೆ ಬರೆದವರು ಒಬ್ಬ ಹಾಡುಗಾರರೆಂಬುದು ಗೊತ್ತಿರಲಾರದು.

ಅವರು ಹಾಡಿದ್ದಾದರೂ ಏನು? ಕರ್ನಾಟಕ ಸಂಗೀತದ 72 ಮೇಳಗಳಲ್ಲಿ (ಮೂಲ ರಾಗಗಳಲ್ಲಿ) 40 ವಿವಾದಿ ಮೇಳಗಳು. ಅಕ್ಕಪಕ್ಕದಲ್ಲೇ ಸ್ವರಗಳು ಒತ್ತೊತ್ತಾಗಿ ಕೂರುವ ಆ ರಾಗಗಳನ್ನು ಹಾಡಿದರೆ ಕೇಡು ಎಂದು ಹಿರಿಯ ವಿದ್ವಾಂಸರೇ ಹಿಂಜರಿಯುತ್ತಿದ್ದರು. ರಾಜಂ ಬಿಡಲಿಲ್ಲ. ಎಲ್ಲ 72 ಮೇಳಗಳಲ್ಲೂ ಕೃತಿ ರಚಿಸಿದ ಕೋಟೀಶ್ವರ ಅಯ್ಯರ್ ಅವರನ್ನು ಹಾಡಿ, ಕಲಿಸಿ, ಉಳಿಸಿದರು. ತ್ರಿಮೂರ್ತಿಗಳ ಆ ಶಾಂತ ಮುಖಗಳನ್ನು ಬರೆದ ಮನುಷ್ಯನ ಕಂಠಕ್ಕೆ ಬೇಕಾದದ್ದು ಮಾತ್ರ ಒಂದಕ್ಕೊಂದು ಆಗಿಬರದ ಸ್ವರಗಳು.