ನಾಗರತ್ನಮ್ಮನವರ ಪಟ

ಸಿಂಗಸಂದ್ರದ ನಮ್ಮ ಬಡಾವಣೆಯಲ್ಲಿ ವರ್ಷ ವರ್ಷವೂ ತ್ಯಾಗರಾಜರ ಆರಾಧನೆ ನಡೆಯುತ್ತದೆ. ಹೊಸೂರು ರಸ್ತೆಯ ಲಾರಿಗಳ ಸದ್ದಿನ ನಡುವೆಯೂ ನಮ್ಮ ಹೆಣ್ಣುಮಕ್ಕಳು ಪಂಚರತ್ನ ಕೃತಿಗಳನ್ನು ಚೆನ್ನಾಗಿಯೇ ಹಾಡುತ್ತಾರೆ. ಕಳೆದ ಸಲ ನಾನು ಬೆಂಗಳೂರು ನಾಗರತ್ನಮ್ಮನವರ ಪಟವೊಂದನ್ನು ಒಯ್ದು, ತ್ಯಾಗರಾಜರ ಪಕ್ಕದಲ್ಲಿಡೋಣ ಎಂದೆ. ಹಿರಿಯರೊಬ್ಬರು ದನಿ ತಗ್ಗಿಸಿ, "ಬೇಡಮ್ಮಾ, ಮಕ್ಕಳೆಲ್ಲ ಇರ್ತಾರೆ. ಈಕೆ ಯಾರು ಅಂತ ಕೇಳಿದರೆ ಏನು ಹೇಳೋದು?" ಎಂದರು. ನಾನು ಪಟವನ್ನು ಚೀಲಕ್ಕಿಳಿಸಿ ಸುಮ್ಮನೆ ಕೂತೆ. ಹಾಗೆ ಸುಮ್ಮನಿದ್ದುದಕ್ಕೆ ನಾಚಿ ಇದನ್ನು ಬರೆಯುತ್ತಿದ್ದೇನೆ.

ಏನು ಹೇಳುವುದೆಂದರೆ, ಇದ್ದದ್ದನ್ನೇ ಹೇಳುವುದು. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ. ಹಾಡಿ ಹೆಸರನ್ನೂ ಹಣವನ್ನೂ ಗಳಿಸಿದ್ದು ಮದರಾಸಿನಲ್ಲಿ. ಆದರೆ ಈಕೆ ಬರೀ ಗಾಯಕಿಯಲ್ಲ, ಕಾವ್ಯವನ್ನು ಓದಿ ತೂಗಬಲ್ಲ ವಿದುಷಿ. ಹದಿನೆಂಟನೆಯ ಶತಮಾನದ ತಂಜಾವೂರಿನ ಮುದ್ದುಪಳನಿ ಬರೆದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'. ಅದರ ಹಳೆಯ ಮುದ್ರಣದಲ್ಲಿ ಕವಯಿತ್ರಿ ತನ್ನ ವಂಶದ ಬಗ್ಗೆ ಹೇಳಿಕೊಂಡ ಭಾಗವನ್ನೇ ಕೈಬಿಟ್ಟಿದ್ದರು. ನಾಗರತ್ನಮ್ಮ ಪೂರ್ಣಪಾಠವನ್ನು ಹುಡುಕಿ, ಮುನ್ನುಡಿ ಬರೆದು, 1910ರಲ್ಲಿ ಅಚ್ಚು ಹಾಕಿಸಿದರು. ಸುಧಾರಕರೆಂದು ಹೆಸರಾದ ಕಂದುಕೂರಿ ವೀರೇಶಲಿಂಗಂ ಅವರಿಗೆ ಆ ಕಾವ್ಯದ ಶೃಂಗಾರ ಹೆಣ್ಣಿಗೆ ತಕ್ಕದ್ದಲ್ಲ ಎನಿಸಿತ್ತು. ಗಂಡಸಿನ ಶೃಂಗಾರಕ್ಕೊಂದು ಅಳತೆಗೋಲು, ಹೆಂಗಸಿನದಕ್ಕೆ ಇನ್ನೊಂದೇ ಎಂದು ಈಕೆ ನೇರವಾಗಿ ಕೇಳಿದರು. ಉತ್ತರವಾಗಿ ಬಂದದ್ದು ಸರ್ಕಾರದ ನಿಷೇಧ. ಅದು ತೆರವಾಗುವ ಹೊತ್ತಿಗೆ ಮೂರು ದಶಕ ಕಳೆದಿತ್ತು.

ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ಗುಡಿ ಕಟ್ಟಿಸಿದ್ದೂ ಈಕೆಯೇ, ತಾವು ದುಡಿದ ಹಣದಲ್ಲಿ. ಅಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಂಗಸರದೇ ಆರಾಧನೆ ನಡೆಸಿದರು. 1940ರ ಹೊತ್ತಿಗೆ ಬಣಗಳು ಒಂದಾಗಿ, ಹೆಂಗಸರೂ ಹಾಡುವಂತಾಯಿತು. 1952ರಲ್ಲಿ ತೀರಿಕೊಂಡ ಈಕೆಯ ಸಮಾಧಿಯೂ ಅಲ್ಲೇ ಇದೆ.

"ಹಾಗಾದರೆ ದೇವದಾಸಿ ಪದ್ಧತಿಯನ್ನು ಹೊಗಳುತ್ತೀರಾ?" ಎನ್ನುವವರಿದ್ದಾರೆ. ಖಂಡಿತ ಇಲ್ಲ. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾಯಿದೆ ಮಾಡಿದ್ದು ಸರಿಯೇ. ಆದರೆ ಪದ್ಧತಿಯ ಕೊಳೆಯನ್ನು ಅದರಲ್ಲಿ ಹುಟ್ಟಿದವಳ ತಲೆಗೆ ಕಟ್ಟುವುದು ಯಾವ ನ್ಯಾಯ? ಆಕೆ ಕಟ್ಟಿದ ಗುಡಿ ಬೇಕು, ಆಕೆ ಗೆದ್ದುಕೊಟ್ಟ ಹಾಡುವ ಹಕ್ಕು ಬೇಕು, ಆಕೆಯ ಪಟ ಮಾತ್ರ ಬೇಡ! ಮುದ್ದುಪಳನಿಯ ವಂಶದ ಪದ್ಯಗಳನ್ನು ಕತ್ತರಿಸಿದವರು ಮಾಡಿದ್ದೂ ಇದನ್ನೇ ಅಲ್ಲವೇ?

ನಮ್ಮೂರಿನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ಬಾಳಿದವಳಿಗೆ ನಮ್ಮೂರಿನಲ್ಲಿ ಒಂದು ಮೊಳೆಯ ಜಾಗ ಕೊಡಲಾರೆವೇ? ಬರುವ ಆರಾಧನೆಗೆ ಪಟವನ್ನು ಮತ್ತೆ ಒಯ್ಯುತ್ತೇನೆ. ಮಗುವೊಂದು ಕೇಳಿದರೆ ಉತ್ತರ ನಾನೇ ಹೇಳುತ್ತೇನೆ. ಹಿರಿಯರು ಎದ್ದು ಹೋಗುವುದಾದರೆ ಹೋಗಲಿ.