ಪೆಟ್ಟಿಗೆ ಮೂಕವಾದ ವಾರ

ಸೋದರಿಯರೇ, ಹೋದ ಸಂಚಿಕೆಯಲ್ಲಿ ಹಾಗಲಕಾಯಿ ಗೊಜ್ಜಿನ ಕಹಿಯನ್ನು ಹದಕ್ಕೆ ತರುವುದು ಹೇಗೆಂದು ಬರೆದಿದ್ದೆ. ಈ ಸಲ ನೆಲ್ಲಿಕಾಯಿ ತೊಕ್ಕು ಅಂತ ಮಾತು ಕೊಟ್ಟಿದ್ದೆನಲ್ಲ, ಅದು ಸ್ವಲ್ಪ ಕಾಯಲಿ. ನಮ್ಮ ಮನೆಯಲ್ಲಿ ಒಂದು ವಾರ ಒಲೆಗಿಂತ ಕಂಪ್ಯೂಟರೇ ಹೆಚ್ಚು ಕಾದಿತ್ತು. ಆ ಕಥೆ ಹೇಳದೆ ನನಗೆ ಬೇರೆ ಬರೆಯಲು ಕೈ ಬರುತ್ತಿಲ್ಲ.

ಲಷ್ಕರ್ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಿಂದ ಒಳಗೆ ನಮ್ಮ ಮನೆ. ಒಂದು ಕಡೆಯಿಂದ ಫಿಲೋಮಿನಾ ಚರ್ಚಿನ ಗಂಟೆ, ಇನ್ನೊಂದು ಕಡೆಯಿಂದ ಮಸೀದಿಯ ಬಾಂಗು, ನಡುವೆ ಆಟೋ ಹಾರನ್ನು. ಇಂಥಾ ಕಡೆ ಕೂತು ಹಾಡು ರೆಕಾರ್ಡ್ ಮಾಡ್ತೀನಿ ಅಂದಾಗ ನಮ್ಮವರು ನಕ್ಕಿದ್ದರು. ನಗಲಿ ಬಿಡಿ. 2020ರ ಲಾಕ್‌ಡೌನ್‌ನಲ್ಲಿ ನನ್ನ ಸಂಗೀತ ಪಾಠ ಮನೆಯ ಜಮಖಾನೆಯಿಂದ ಕಂಪ್ಯೂಟರಿಗೆ ಹೋದಾಗ, ಚೀಟಿ ಎತ್ತಿದ ದುಡ್ಡಿನಲ್ಲಿ ಒಂದು ಮೈಕು, ಒಂದು ಆಡಿಯೋ ಇಂಟರ್‌ಫೇಸ್ ಕೊಂಡಿದ್ದೆ. ಹೆಸರು ದೊಡ್ಡದು, ವಸ್ತು ಮಕ್ಕಳ ಟಿಫನ್ ಡಬ್ಬಿಯಷ್ಟೇ. ಮೈಕಿನಿಂದ ಬಂದ ಧ್ವನಿಯನ್ನು ಅಂಕಿಗಳಾಗಿ ಮಾಡಿ ಯು.ಎಸ್.ಬಿ. ವೈರಿನಲ್ಲಿ ಕಂಪ್ಯೂಟರಿಗೆ ಕಳಿಸುವುದು ಅದರ ಕೆಲಸ. ನಮ್ಮನೆಯಲ್ಲಿ ಅದಕ್ಕೆ ‘ಪೆಟ್ಟಿಗೆ’ ಅಂತಲೇ ಹೆಸರು.

ಪಾಠಕ್ಕೆ ಅಂತ ಬಂದ ಪೆಟ್ಟಿಗೆ ಎರಡು ವರ್ಷದಿಂದ ನಮ್ಮ ಅತ್ತೆಯವರ ಸೇವೆಗೆ ನಿಂತಿದೆ. ಅವರಿಗೀಗ 81. ನಂಜನಗೂಡು ಕಡೆಯವರು. ಎಣ್ಣೆ ಶಾಸ್ತ್ರದ ಹಾಡು, ಹಸೆಗೆ ಕರೆಯೋ ಹಾಡು, ಬೀಗರನ್ನು ಹಂಗಿಸೋ ಹಾಡು, ಆರತಿ ಹಾಡು, ಎಲ್ಲ ಬಾಯಲ್ಲೇ. ಒಂದು ಸಾಲೂ ಬರೆದಿಟ್ಟಿಲ್ಲ. ಈಚೆಗೆ ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಮೊಮ್ಮಗನನ್ನು ಮಗನ ಹೆಸರಿನಲ್ಲಿ ಕರೆಯುವುದು ಶುರುವಾಗಿದೆ. ನಾನು ಹಾಡುಗಳನ್ನು ಒಂದೊಂದಾಗಿ ಹಿಡಿದಿಡುತ್ತಾ ಬಂದಿದ್ದೆ. ಮಾಘಮಾಸದಲ್ಲಿ ನಾದಿನಿಯ ಮಗಳ ಮದುವೆ ಬೇರೆ.

ಈ ನಡುವೆ ನಮ್ಮವರು ಪತ್ರಿಕೆಯಲ್ಲಿ ಓದಿದರು: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ರಕ್ಷಣೆಯ ತಿದ್ದುಪಡಿಗಳು ಮುಗಿದವು ಅಂತ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಮುದ್ದತು ಇತ್ತು. ಆದರೆ ಇವರ ಪಿಂಚಣಿ, ಬ್ಯಾಂಕು, ಕರೆಂಟ್ ಬಿಲ್ಲು ಎಲ್ಲ ಅದೇ ಕಂಪ್ಯೂಟರಿನಲ್ಲಿ. ಒಂದು ಭಾನುವಾರ ಊಟ ಮುಗಿಸಿ ವಿಂಡೋಸ್ 11 ಹಾಕಿಯೇಬಿಟ್ಟರು. ಸಂಜೆಗೆ ಹೊಸ ತೆರೆ, ಹೊಸ ಬಣ್ಣ. “ನೋಡೇ, ಎಷ್ಟು ಚೆನ್ನಾಗಿದೆ” ಅಂದರು. ನಾನೂ ಹೂಂ ಅಂದೆ. ಪೆಟ್ಟಿಗೆಯ ಯೋಚನೆ ಇಬ್ಬರಿಗೂ ಬರಲಿಲ್ಲ.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಅವರೆಕಾಳು ಸುಲಿಯುತ್ತಾ ಕೂತಿದ್ದ ಅತ್ತೆ, ಇದ್ದಕ್ಕಿದ್ದಂತೆ ಹಸೆ ಹಾಡೊಂದನ್ನು ಗುನುಗತೊಡಗಿದರು. ನಾನು ಮದುವೆಯಾಗಿ ಬಂದು ಇಷ್ಟು ವರ್ಷವಾಯಿತು, ಒಂದು ದಿನವೂ ಕೇಳಿರಲಿಲ್ಲ. “ಅಮ್ಮಾ, ಇದು ಯಾವುದು?” ಅಂದರೆ, “ನಮ್ಮಮ್ಮ ಹೇಳ್ತಿದ್ಲು ಕಣೇ, ಈಗ ನೆನಪಿಗೆ ಬಂತು” ಅಂದರು. ಓಡಿಹೋಗಿ ಪೆಟ್ಟಿಗೆ ಸಿಕ್ಕಿಸಿದೆ. ಅದರ ದೀಪ ಹತ್ತಿತು. ಕಂಪ್ಯೂಟರು ಮಾತ್ರ ಅಂಥಾ ವಸ್ತು ತನ್ನ ಹತ್ತಿರ ಇಲ್ಲವೇ ಇಲ್ಲ ಅಂತ ಕೂತಿತು. ಅತ್ತ ಅವರು ಎರಡನೇ ನುಡಿಗೆ ಹೋಗುತ್ತಿದ್ದಾರೆ. ಏನು ಮಾಡಲಿ? ಕೈಯಲ್ಲಿದ್ದ ಫೋನನ್ನೇ ಹಿಡಿದೆ. ಐದು ನುಡಿ ಹಾಡಿದರು. ನಡುವೆ ಕುಕ್ಕರ್ ಮೂರು ಸಲ ಕೂಗಿತು.

ಇನ್ನು ಪೆಟ್ಟಿಗೆಯ ಚಿಕಿತ್ಸೆಯ ವಿಚಾರ. ಇಂಥದ್ದೇ ತೊಂದರೆ ಪಾಠ ಹೇಳುವ ಸೋದರಿಯರಿಗೂ, ಮಗನೋ ಮಗಳೋ ಹಾಡು ರೆಕಾರ್ಡ್ ಮಾಡುವ ಮನೆಗಳಿಗೂ ಬರಬಹುದು. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಮೊದಲು ಡ್ರೈವರ್ ಅಂದರೇನು? ಕಾರು ಓಡಿಸೋನಲ್ಲ. ನಮ್ಮ ಅತ್ತೆಗೆ ಉರ್ದು ಬಾರದು, ಬೀದಿಯ ಕೊನೆಯ ದರ್ಜಿಗೆ ಅತ್ತೆಯ ನಂಜನಗೂಡು ಕನ್ನಡ ತಿಳಿಯದು. ರವಿಕೆಯ ತೋಳು ಎಷ್ಟುದ್ದ ಅಂತ ಪಕ್ಕದ ಮನೆ ಬೀಬಿಯೇ ನಡುವೆ ನಿಂತು ಹೇಳಬೇಕು. ಆ ಬೀಬಿಯೇ ಡ್ರೈವರ್. ಪೆಟ್ಟಿಗೆಯ ಭಾಷೆಯನ್ನು ಕಂಪ್ಯೂಟರಿಗೆ ಹೇಳುವ ದುಭಾಷಿ. ವಿಂಡೋಸ್ ಹೊಸದಾದಾಗ ದರ್ಜಿಯ ಅಂಗಡಿಯೇ ಬದಲಾದ ಹಾಗೆ. ಹಳೆಯ ದುಭಾಷಿಯನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಹೊಸ ಕಾವಲುಗಾರ ನೋಡುತ್ತಾನೆ. ಪೆಟ್ಟಿಗೆ ಕೆಟ್ಟಿಲ್ಲ, ವಿಂಡೋಸೂ ಕೆಟ್ಟಿಲ್ಲ, ನಡುವಿನವಳು ಬಾಗಿಲಲ್ಲಿ ನಿಂತಿದ್ದಾಳೆ, ಅಷ್ಟೇ.

ಇದು ನನಗೆ ತಿಳಿದದ್ದು ನಾಲ್ಕನೇ ದಿನ. ಮೊದಲು ಒಂದು ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆ. ಸಿಕ್ಕಿಸಿಯೂ ನೋಡದೆ “ಇದು ಸತ್ತಿದೆ ಮೇಡಂ, ಹೊಸದು ತಗೊಳ್ಳಿ, ಹನ್ನೆರಡು ಸಾವಿರ” ಅಂದರು. ದೀಪ ಉರಿಯುತ್ತಿರುವ ವಸ್ತು ಸತ್ತಿದೆ ಅಂದರೆ ನಂಬೋದು ಹೇಗೆ? ಆದರೆ ಇದೂ ಕೇಳಿ: ದೀಪ ಉರಿದರೆ ಕರೆಂಟು ಬಂದಿದೆ ಅಂತ ಮಾತ್ರ ಅರ್ಥ, ಮಾತು ನಡೆದಿದೆ ಅಂತ ಅಲ್ಲ. ಈ ಎರಡನ್ನೂ ಬೆರೆಸಿಕೊಂಡು ನಾನೂ ಒಂದು ದಿನ ಕಳೆದೆ.

ಹುಬ್ಬಳ್ಳಿಯಲ್ಲಿ ಓದುತ್ತಿರುವ ಮಗ ರಾತ್ರಿ ಫೋನಿನಲ್ಲಿ ಒಂದೊಂದೇ ಹೇಳಿಕೊಟ್ಟ. ವೈರನ್ನು ಹಬ್ಬಿನ ಮೂಲಕ ಬೇಡ, ನೇರ ಕಂಪ್ಯೂಟರಿಗೇ ಹಾಕು ಅಂದ, ಹಾಕಿದೆ. ಬೇರೆ ವೈರು ಹಾಕಿ ನೋಡಿದೆ. ಮೈಕಿಗೆ 48 ವೋಲ್ಟ್ ಬೇಕಾದ ಜಾತಿಯದಾದರೆ ಪೆಟ್ಟಿಗೆಯ ಮೇಲಿನ ಆ ಗುಂಡಿ ಒತ್ತಿದೆಯೇ ನೋಡಬೇಕು. ಅದೂ ಸರಿ ಇತ್ತು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸೌಂಡ್. ಅಲ್ಲಿ ಇನ್‌ಪುಟ್ ಅನ್ನುವ ಕಡೆ ಪೆಟ್ಟಿಗೆಯ ಹೆಸರಿದ್ದು, ಬೇರೆ ಮೈಕು ಆಯ್ಕೆಯಾಗಿದ್ದರೆ ಬದಲಾಯಿಸಿದರೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ರೋಗ ಇಷ್ಟೇ ಇರುತ್ತೆ. ಹೆಸರಿದ್ದೂ ಧ್ವನಿ ಬರದಿದ್ದರೆ ಪ್ರೈವೆಸಿ ಅಂಡ್ ಸೆಕ್ಯೂರಿಟಿಯೊಳಗೆ ಮೈಕ್ರೊಫೋನ್ ಅಂತ ಇದೆ. ಅಲ್ಲಿ ಅನುಮತಿಯ ಸ್ವಿಚ್ಚು ಆರಿದ್ದರೆ ಹಾಕಬೇಕು, ಕೆಳಗಿರುವ ಡೆಸ್ಕ್‌ಟಾಪ್ ಆ್ಯಪ್‌ಗಳ ಸ್ವಿಚ್ಚನ್ನೂ ಮರೆಯಬಾರದು.

ನಮ್ಮಲ್ಲಿ ಹೆಸರೇ ಇರಲಿಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗಿವಿ ಒತ್ತಿದರೆ ಡಿವೈಸ್ ಮ್ಯಾನೇಜರ್ ಅಂತ ಬರುತ್ತೆ. ಕಂಪ್ಯೂಟರಿಗೆ ಅಂಟಿಕೊಂಡ ಎಲ್ಲ ವಸ್ತುಗಳ ಹಾಜರಿ ಪುಸ್ತಕ ಅದು. ಅಲ್ಲಿ ನಮ್ಮ ಪೆಟ್ಟಿಗೆ ಹಣೆಗೆ ಹಳದಿ ತ್ರಿಕೋನ ಹಚ್ಚಿಕೊಂಡು ಕೂತಿತ್ತು! ಒತ್ತಿ ನೋಡಿದರೆ, ಇದರ ಡ್ರೈವರನ್ನು ಒಳಗೆ ಬಿಟ್ಟಿಲ್ಲ ಅನ್ನುವ ಅರ್ಥದ ಒಕ್ಕಣೆ. ಡ್ರೈವರಿನ ತಾರೀಖು 2019.

ಆಗ ಮಗ ಅಂದ, “ಅಮ್ಮಾ, ಮೆಮೊರಿ ಇಂಟೆಗ್ರಿಟಿ ಅಂತ ಒಂದು ಕಾವಲು ಇದೆ. ಅದನ್ನ ಆರಿಸಿಬಿಡು, ಹಳೇ ಡ್ರೈವರೇ ಓಡುತ್ತೆ.” ನನ್ನ ಕೈ ಮುಂದಕ್ಕೆ ಹೋಗಿ ನಿಂತಿತು. ಕಂಪ್ಯೂಟರಿನ ಒಡಲೊಳಕ್ಕೆ ಕೆಟ್ಟ ತಂತ್ರಾಂಶ ನುಗ್ಗದಂತೆ ಇಟ್ಟ ಕಾವಲು ಅದು. ಅದೇ ಕಂಪ್ಯೂಟರಿನಲ್ಲಿ ಪಿಂಚಣಿ ಇದೆ. ಹಾಡು ಹಿಡಿಯಲು ಹಿತ್ತಲ ಬಾಗಿಲಿನ ಚಿಲಕ ತೆಗೆದಿಟ್ಟು ಮಲಗುವುದೇ? “ಬೇಡಪ್ಪಾ, ಬೇರೆ ದಾರಿ ಹೇಳು” ಅಂದೆ. ಮಗನಿಗೆ ಸ್ವಲ್ಪ ಬೇಜಾರಾಯಿತು. ನಾನು ಸರಿಯೆಂದೇ ಈಗಲೂ ಹೇಳುತ್ತೇನೆ.

ಬೇರೆ ದಾರಿ ಉದ್ದವಾದರೂ ಕಷ್ಟದ್ದಲ್ಲ. ಪೆಟ್ಟಿಗೆ ಮಾಡಿದವರ ಸ್ವಂತ ತಾಣಕ್ಕೆ ಹೋಗಿ, ತಳದಲ್ಲಿ ಬರೆದ ಮಾದರಿ ಸಂಖ್ಯೆ ಹೊಡೆದೆವು. ವಿಂಡೋಸ್ 11ಕ್ಕೆ ಅಂತಲೇ ಹೊಸ ಡ್ರೈವರ್ ಅಲ್ಲಿತ್ತು. (ಹುಡುಕುವಾಗ “ನಿಮ್ಮ ಎಲ್ಲ ಡ್ರೈವರ್ ನಾವೇ ಸರಿಮಾಡ್ತೀವಿ” ಅಂತ ಮೇಲುಗಡೆ ಬರುವ ಜಾಹೀರಾತುಗಳ ಹತ್ತಿರ ಹೋಗಬೇಡಿ. ಕಲಬೆರಕೆ ಎಣ್ಣೆಯ ಹಾಗೆ, ಒಳಗೇನಿದೆ ಯಾರಿಗೆ ಗೊತ್ತು?) ಹೊಸದನ್ನು ಹಳೆಯದರ ಮೇಲೇ ಸುರಿಯಬಾರದು. ಹುಳಿ ಹಿಡಿದ ಪಾತ್ರೆಗೆ ಹೊಸ ಹಿಟ್ಟು ಹಾಕಿದ ಹಾಗಾಗುತ್ತೆ. ಡಿವೈಸ್ ಮ್ಯಾನೇಜರಿನಲ್ಲಿ ಪೆಟ್ಟಿಗೆಯ ಹೆಸರಿನ ಮೇಲೆ ಅನ್‌ಇನ್‌ಸ್ಟಾಲ್ ಒತ್ತಿ, ಡ್ರೈವರನ್ನೂ ತೆಗೆಯಬೇಕೇ ಅಂತ ಕೇಳುವ ಚಿಕ್ಕ ಚೌಕಕ್ಕೆ ಗುರುತು ಹಾಕಿದೆವು. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಅದೇ ಕಂಪನಿಯ ಹಳೆಯ ತಂತ್ರಾಂಶವಿತ್ತು, ಅದನ್ನೂ ತೆಗೆದೆವು. ವೈರು ಕಿತ್ತು, ಕಂಪ್ಯೂಟರನ್ನು ಪೂರಾ ಒಮ್ಮೆ ರೀಸ್ಟಾರ್ಟ್ ಮಾಡಿ, ಹೊಸದನ್ನು ಹಾಕಿ, ಅದು ಕೇಳಿದ ಮೇಲೇ ವೈರು ಸಿಕ್ಕಿಸಿದ್ದು. ಹಳದಿ ತ್ರಿಕೋನ ಮಾಯ.

ಕಂಪನಿಯವರು ಹೊಸ ಡ್ರೈವರ್ ಕೊಡದೇ ಕೈಬಿಟ್ಟ ಹಳೆಯ ಪೆಟ್ಟಿಗೆಗಳೂ ಇವೆ. ಅವರೂ ತಕ್ಷಣ ನಿರಾಶರಾಗಬೇಡಿ. ಕೆಲವು ಪೆಟ್ಟಿಗೆಗಳು ಎಲ್ಲರಿಗೂ ಸಾಮಾನ್ಯವಾದ ಯು.ಎಸ್.ಬಿ. ಭಾಷೆಯನ್ನೇ ಆಡುತ್ತವೆ, ಅದಕ್ಕೆ ವಿಂಡೋಸಿನೊಳಗೇ ದುಭಾಷಿ ಇದೆ, ಕಂಪನಿಯ ಡ್ರೈವರ್ ತೆಗೆದು ಸುಮ್ಮನೆ ಸಿಕ್ಕಿಸಿ ನೋಡಿ. ಅದೂ ಆಗದಿದ್ದರೆ, ವಿಂಡೋಸ್ ಹೊಸದು ಹಾಕಿದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಹಿಂದಕ್ಕೆ ಹೋಗುವ ಅವಕಾಶ ಇರುತ್ತೆ. ಹನ್ನೊಂದನೇ ದಿನ ನೆನಪಾದರೆ ಪ್ರಯೋಜನವಿಲ್ಲ.

ಆಯಿತಲ್ಲ ಅಂದುಕೊಂಡೆ. ಆಗಿರಲಿಲ್ಲ. ನಾನು ಬಳಸುವ ಆಡಾಸಿಟಿಯಲ್ಲಿ ಪೆಟ್ಟಿಗೆ ಕಾಣಲಿಲ್ಲ. ಅದಕ್ಕೆ ರೀಸ್ಕ್ಯಾನ್ ಅಂತ ಒಂದು ಒತ್ತು ಒತ್ತಬೇಕಿತ್ತು. ಪರೀಕ್ಷೆಗೆ ನಾನೇ ಸರಳೆ ವರಸೆ ಹಾಡಿ ಹಾಕಿ ಕೇಳಿದರೆ, ಯಾರೋ ನಿದ್ದೆಗಣ್ಣಿನಲ್ಲಿ ಹಾಡಿದಂತಿದೆ. ನಾನು ಹಾಡುವುದು ಐದೂವರೆ ಮನೆಗೆ. ಕೇಳಿದ್ದು ನಾಲ್ಕೂವರೆಗೂ ಐದಕ್ಕೂ ನಡುವೆ, ಯಾವ ಶ್ರುತಿ ಪೆಟ್ಟಿಗೆಗೂ ಸೇರದ ಜಾಗದಲ್ಲಿ! ಕಾಲವೂ ಎಳೆದಿತ್ತು. ಕಾರಣ ಇದು: ಹೊಸ ಡ್ರೈವರು ಪೆಟ್ಟಿಗೆಯನ್ನು ಸೆಕೆಂಡಿಗೆ 48,000 ತುಣುಕು ಕಳಿಸಲು ಹೊಂದಿಸಿತ್ತು, ಆಡಾಸಿಟಿ 44,100 ಅಂತಲೇ ಲೆಕ್ಕ ಹಿಡಿದಿತ್ತು. ನಲವತ್ತೆಂಟು ಸೇರನ್ನು ನಲವತ್ನಾಲ್ಕು ಅಂತ ಅಳೆದರೆ ಹೆಚ್ಚಾದದ್ದು ಕಾಲಕ್ಕೆ ಸೇರುತ್ತೆ, ಹಾಡು ಎಳೆಯುತ್ತೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತೆ. ಎರಡೂ ಕಡೆ 44,100 ಮಾಡಿದೆ. ಐದೂವರೆ ಬಂತು. ಇದನ್ನು ಕಂಡುಹಿಡಿದದ್ದು ಮಗನಲ್ಲ, ನಾನು!

ಧ್ವನಿ ಪೆಟ್ಟಿಗೆಗಳ ಜೊತೆ ಮನೆಯಲ್ಲೇ ಕೂತು ಒದ್ದಾಡುವುದು ನಮ್ಮ ಮೈಸೂರಿಗೆ ಹೊಸದೇನಲ್ಲ ಬಿಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರುಮಾಡಿದ ಊರು ಇದು. ‘ಆಕಾಶವಾಣಿ’ ಅನ್ನುವ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ.

ಶನಿವಾರ ಬೆಳಿಗ್ಗೆ ಕುಕ್ಕರ್ ಇಳಿಸಿ, ಕಿಟಕಿ ಮುಚ್ಚಿ, ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದೆ. “ಅಮ್ಮಾ, ಸೋಮವಾರ ಹಾಡಿದ್ರಲ್ಲ, ಆ ಹಸೆ ಹಾಡು.” ಹಾಡಿದರು. ಧ್ವನಿ ಎಷ್ಟು ಸ್ವಚ್ಛ ಅಂದರೆ ಬಳೆಯ ಸದ್ದೂ ಕೇಳುತ್ತೆ. ಮೂರು ನುಡಿ ಆದಮೇಲೆ ನಿಲ್ಲಿಸಿದರು. “ಇನ್ನೆರಡು ಇದೆಯಲ್ಲಮ್ಮಾ” ಅಂದೆ. “ಇಷ್ಟೇ ಕಣೇ ಇರೋದು” ಅಂದರು. ಫೋನಿನಲ್ಲಿ ಹಿಡಿದಿದ್ದನ್ನು ಕೇಳಿಸಿದೆ. ಕುಕ್ಕರ್ ಕೂಗು, ಅವರ ಧ್ವನಿ, ಮತ್ತೆ ಕುಕ್ಕರ್ ಕೂಗು. ಕಿವಿಗೊಟ್ಟು ಪೂರಾ ಕೇಳಿ, “ನಮ್ಮಮ್ಮ ಎಷ್ಟು ಚೆನ್ನಾಗಿ ಹೇಳ್ತಾಳೆ ನೋಡು” ಅಂದರು.

ಎರಡನ್ನೂ ಎರಡೆರಡು ಪೆನ್ ಡ್ರೈವಿಗೆ ಹಾಕಿ, ಒಂದನ್ನು ನಾದಿನಿಯ ಮನೆಗೆ ಕಳಿಸಿದ್ದೇನೆ. ಕೊನೆಯ ಎರಡು ನುಡಿಯನ್ನು ನಾನೇ ಬರೆದುಕೊಂಡು ಕಲಿಯುತ್ತಿದ್ದೇನೆ; ಕುಕ್ಕರ್ ಕೂಗಿದ ಕಡೆ ಒಂದು ಮಾತು ಇನ್ನೂ ಸರಿಯಾಗಿ ಕೇಳಿಸುತ್ತಿಲ್ಲ. ನಂಜನಗೂಡು ಕಡೆಯ ಸೋದರಿಯರು ಯಾರಾದರೂ ತಮ್ಮ ಮನೆಯ ಹಸೆ ಹಾಡುಗಳನ್ನು ಈ ಅಂಕಣಕ್ಕೆ ಬರೆದು ಕಳಿಸಿದರೆ ಉಪಕಾರವಾದೀತು. ನೆಲ್ಲಿಕಾಯಿ ತೊಕ್ಕು ಮುಂದಿನ ಸಂಚಿಕೆಯಲ್ಲಿ ಖಂಡಿತ.